ಸತ್ಯವೇದದ ಸುಲಭ ಪದಗಳು

ನನ್ನ ತಂದೆಯವರು ವಿರಾಜಪೇಟೆಗೆ ಸಮೀಪದ ಒಂದು ಕಾಫಿ ತೋಟದಲ್ಲಿ ಮೂವತ್ತೆಂಟು ವರ್ಷ ರೈಟರ್ ಆಗಿದ್ದರು. ಆಳುಗಳ ಹಾಜರಿ, ವಾರದ ಬಟವಾಡೆ, ಲೈನ್ ಮನೆಯವರಿಗೆ (ತೋಟದ ಸಾಲುಮನೆಗಳಲ್ಲಿರುವ ಆಳುಗಳಿಗೆ) ಕೊಟ್ಟ ಮುಂಗಡ, ಗೊಬ್ಬರದ ಚೀಲಗಳ ಲೆಕ್ಕ, ಎಲ್ಲವೂ ಅವರ ದುಂಡಗಿನ ಅಕ್ಷರದಲ್ಲಿ ಉದ್ದನೆಯ ಪುಸ್ತಕಗಳಲ್ಲಿ ಇಳಿಯುತ್ತಿತ್ತು. ಕಾಫಿ ಹಣ್ಣು ಕೆಂಪೇರುತ್ತಿದ್ದ ಒಂದು ನವೆಂಬರಿನಲ್ಲಿ ಅವರು ತೀರಿಕೊಂಡಾಗ ತೋಟದ ಹಿರಿಯ ಯಜಮಾನರು ಮಣ್ಣಿಗೆ ಬಂದು, ಪ್ರಾರ್ಥನೆ ಮುಗಿಯುವವರೆಗೂ ಬಿಸಿಲಿನಲ್ಲೇ ನಿಂತಿದ್ದರು. ವಾರ ಕಳೆದ ಮೇಲೆ ಮನೆಗೆ ಬಂದವರು ಕಾಫಿ ಲೋಟ ಕೆಳಗಿಟ್ಟು, ಬಹಳ ಹೊತ್ತು ಸುಮ್ಮನಿದ್ದು ಕೇಳಿದರು:

“ಟೀಚರೇ, ಒಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಅಷ್ಟು ವರ್ಷ ನಮ್ಮ ತೋಟದ ಲೆಕ್ಕದಲ್ಲಿ ಒಂದು ಪೈಸೆ ಆಚೀಚೆ ಆಗಲಿಲ್ಲ. ಅಂಥವರನ್ನ ಮಣ್ಣು ಮಾಡುವಾಗ ‘ಇವರ ಪಾಪ ಕ್ಷಮಿಸು, ಪಾಪ ಕ್ಷಮಿಸು’ ಅಂತ ಎಷ್ಟು ಸಲ ಹೇಳಿದ್ರಿ. ರೈಟರು ಏನು ಪಾಪ ಮಾಡಿದ್ರು?”

“ಅದು ನಮ್ಮಲ್ಲಿ ಎಲ್ಲರಿಗೂ ಹೇಳುವ ಪ್ರಾರ್ಥನೆ” ಎಂದೆ. ಆ ಉತ್ತರದಿಂದ ಅವರಿಗೂ ಸಮಾಧಾನವಾಗಲಿಲ್ಲ, ನನಗೂ ಆಗಲಿಲ್ಲ. ಕನ್ನಡ ಪಾಠ ಹೇಳಿಯೇ ಬದುಕಿದ ನನಗೆ, ದಿನವೂ ಬಾಯಲ್ಲಿ ಹೊರಳುವ ಎರಡಕ್ಷರದ ಪದವೊಂದನ್ನು ಪಕ್ಕದ ಮನೆಯವರಿಗೆ ಬಿಡಿಸಿ ಹೇಳಲು ಬರಲಿಲ್ಲವೆಂಬುದು ಆ ರಾತ್ರಿ ಮುಳ್ಳಿನಂತೆ ಚುಚ್ಚಿತು. ಅಮ್ಮನ ಹಳೆಯ ಸತ್ಯವೇದವನ್ನು, ಅಂದರೆ ಕನ್ನಡ ಬೈಬಲನ್ನು, ಕಪಾಟಿನಿಂದ ಇಳಿಸಿ, ಅದರ ಪದಗಳನ್ನು ಮೊದಲ ಸಲ ಕಂಡವರ ಹಾಗೆ ನೋಡತೊಡಗಿದ್ದು ಆಗ.

ಅಮ್ಮನ ಸತ್ಯವೇದ ಎಂದೆನಲ್ಲ, ಅದಕ್ಕೊಂದು ವಿವರಣೆ ಬೇಕು. ಅಪ್ಪ ಕಥೋಲಿಕರು, ಅಮ್ಮ ಪ್ರೊಟೆಸ್ಟೆಂಟ್ ಮನೆತನದಿಂದ ಬಂದವರು. ಹೀಗಾಗಿ ನಮ್ಮ ಮನೆಯಲ್ಲಿ ಒಂದೇ ಸಂಗತಿಗೆ ಎರಡೆರಡು ಹೆಸರುಗಳಿದ್ದವು. ಅಮ್ಮನ ಬಾಯಲ್ಲಿ ಕರ್ತ, ಸುವಾರ್ತೆ, ದೀಕ್ಷಾಸ್ನಾನ, ನಂಬಿಕೆ. ಅಪ್ಪನ ಬಾಯಲ್ಲಿ ಪ್ರಭು, ಶುಭಸಂದೇಶ, ಸ್ನಾನದೀಕ್ಷೆ, ವಿಶ್ವಾಸ. ಅಮ್ಮ ‘ಅಪೊಸ್ತಲ’ ಎಂದರೆ ಅಪ್ಪ ‘ಪ್ರೇಷಿತ’ ಎನ್ನುತ್ತಿದ್ದರು. ಮೊದಲನೆಯದು ಗ್ರೀಕ್ ಪದವನ್ನೇ ಕನ್ನಡದ ನಾಲಿಗೆಗೆ ಒಗ್ಗಿಸಿಕೊಂಡದ್ದು, ಎರಡನೆಯದು ಅದರ ಅರ್ಥವನ್ನು, ಅಂದರೆ ‘ಕಳುಹಿಸಲ್ಪಟ್ಟವನು’ ಎಂಬುದನ್ನು, ಸಂಸ್ಕೃತದಲ್ಲಿ ಹೇಳಿದ್ದು. ಪದಗಳು ಆಕಾಶದಿಂದ ಇಳಿದು ಬಂದವಲ್ಲ, ಯಾರೋ ಕುಳಿತು ಆರಿಸಿದವು ಎಂಬುದು ನನಗೆ ಬಾಲ್ಯದಲ್ಲೇ ಗೊತ್ತಾಗಬೇಕಿತ್ತು. ಆಗಲಿಲ್ಲ.

ಆರಿಸಿದವರ ಹೆಸರುಗಳು ಚರಿತ್ರೆಯಲ್ಲಿವೆ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬಳ್ಳಾರಿಯಲ್ಲಿ ಕುಳಿತು ಸಹಾಯಕರೊಡನೆ ವರ್ಷಗಟ್ಟಲೆ ದುಡಿದು ಸಿದ್ಧಪಡಿಸಿದ ಕನ್ನಡದ ಇಡೀ ಬೈಬಲ್ 1831ರ ಹೊತ್ತಿಗೆ ಅಚ್ಚಾಗಿತ್ತು. 1836ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್, 1843ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದವರು, ದಾಸರ ಪದಗಳನ್ನೂ ಬಸವಪುರಾಣವನ್ನೂ ಜೈಮಿನಿ ಭಾರತವನ್ನೂ ಕಲ್ಲಚ್ಚಿನಲ್ಲಿ ಮುದ್ರಿಸಿದವರು, 1853ರಲ್ಲಿ ನಮ್ಮ ಕೊಡಗಿಗೆ ಬಂದರು. ಈ ಮಂದಿಗೆ ಬೇಕಾಗಿದ್ದ ಪದಗಳೆಲ್ಲ ಅವರು ಬರುವ ಮೊದಲೇ ಇಲ್ಲಿ ಇನ್ನೊಬ್ಬರ ಮನೆಯಲ್ಲಿ ಬಾಳುತ್ತಿದ್ದವು. ‘ದೀಕ್ಷೆ’ ಎಂಬ ಪದವನ್ನೇ ನೋಡಿ. ಹಾಲೇರಿಯ ವೀರಶೈವ ಅರಸರು 1834ರವರೆಗೆ ಆಳಿದ ನಾಡಿನಲ್ಲಿ ಆ ಪದ ಕೇಳಿದವರಿಗೆ ಮೊದಲು ನೆನಪಾಗುತ್ತಿದ್ದುದು ಲಿಂಗದೀಕ್ಷೆಯೇ ಇರಬೇಕು. ‘ದೀಕ್ಷಾಸ್ನಾನ’ಕ್ಕೆ (ಬ್ಯಾಪ್ಟಿಸಮ್‌ಗೆ) ಗ್ರೀಕಿನಲ್ಲಿ ಮೂಲವಾದ ಕ್ರಿಯಾಪದಕ್ಕೆ ಇರುವುದು ‘ಮುಳುಗಿಸು, ಅದ್ದು’ ಎಂಬ ಸಾದಾ ಅರ್ಥ. ಗುರು, ಮಂತ್ರ, ವ್ರತಗಳ ನೆನಪೆಲ್ಲ ಕನ್ನಡದ ಕಡೆಯಿಂದ ಬಂದು ಸೇರಿಕೊಂಡದ್ದು. ಅದನ್ನು ನಾನು ದೋಷವೆನ್ನಲಾರೆ. ಆದರೆ ಸೇರಿಕೊಂಡಿದೆ ಎಂಬುದನ್ನು ಬಲ್ಲವರು ಮಾತ್ರ ಮೂಲದ ನೀರನ್ನೂ ಮುಟ್ಟಬಲ್ಲರು.

ಇಷ್ಟು ತಿಂಗಳ ಓದಿನಲ್ಲಿ ನನಗೆ ಖಚಿತವಾದದ್ದು ಒಂದೇ. ಸತ್ಯವೇದದಲ್ಲಿ ಕಷ್ಟದ ಪದಗಳು ಯಾರನ್ನೂ ದಾರಿ ತಪ್ಪಿಸುವುದಿಲ್ಲ. ಹಲ್ಲೆಲೂಯಾ, ಹೊಸನ್ನ, ಸಬ್ಬತ್, ಪಸ್ಕ ಎಂಬ ಪದ ಎದುರಾದಾಗ ಓದುಗನು ನಿಂತು, ಇದೇನೆಂದು ಬಲ್ಲವರನ್ನು ಕೇಳುತ್ತಾನೆ. ಪರಕೀಯ ಪದಗಳು ತಮ್ಮ ಊರನ್ನು ಮುಚ್ಚಿಡುವುದೂ ಇಲ್ಲ. ‘ಶಿಲುಬೆ’ ಸಿರಿಯಾಕ್ ಭಾಷೆಯ ‘ಸ್ಲೀವಾ’ದಿಂದ ಹೊರಟು ತೆಂಕಣ ನಾಡುಗಳ ಮೂಲಕ ನಮ್ಮಲ್ಲಿಗೆ ಬಂದ ಪದ. 1792ರಲ್ಲಿ ದೊಡ್ಡ ವೀರರಾಜೇಂದ್ರನ ಕಾಲದಲ್ಲಿ ಆರಂಭವಾದ ವಿರಾಜಪೇಟೆಯ ಸಂತ ಅನ್ನಮ್ಮನವರ ದೇವಾಲಯವನ್ನು ನಮ್ಮ ಕೊಂಕಣಿ ಮಾತನಾಡುವ ನೆಂಟರು ‘ಇಗರ್ಜಿ’ ಎನ್ನುತ್ತಾರೆ. ಅದು ಪೋರ್ಚುಗೀಸರ ‘ಇಗ್ರೇಜ’, ಅದರ ಅಜ್ಜಿ ಗ್ರೀಕಿನ ‘ಎಕ್ಲೇಸಿಯ’. ಆ ಅಜ್ಜಿಗೆ ಕಟ್ಟಡವೆಂಬ ಅರ್ಥವೇ ಇರಲಿಲ್ಲ. ಊರಿನ ಪೌರರನ್ನು ಕರೆದು ಸೇರಿಸಿದ ಕೂಟಕ್ಕೆ ಗ್ರೀಕರು ಹಾಗೆನ್ನುತ್ತಿದ್ದರು. ಅಮ್ಮನ ಬೈಬಲಿನ ‘ಸಭೆ’ ಎಂಬ ಪದ ಈ ದೃಷ್ಟಿಯಿಂದ ಎಷ್ಟು ಸರಿಯಾಗಿದೆಯೆಂದರೆ, ಇಂಗ್ಲಿಷಿನವರು ಕಲ್ಲು ಗಾರೆಗಳಿಂದ ಬಿಡಿಸಿಕೊಳ್ಳಲು ಹೆಣಗುವ ಅರ್ಥ ಕನ್ನಡದಲ್ಲಿ ಪದದೊಳಗೇ ಇದೆ. ಮಡಿಕೇರಿ ಕೋಟೆಯ ಒಳಗೆ 1855ರಲ್ಲಿ ಕಟ್ಟಿದ ಸಂತ ಮಾರ್ಕರ ಚರ್ಚು ಈಗ ವಸ್ತುಸಂಗ್ರಹಾಲಯ. ಗೋಡೆ ಇದೆ, ಬಣ್ಣದ ಗಾಜಿನ ಕಿಟಕಿ ಇದೆ, ಸಭೆ ಇಲ್ಲ. ಮಕ್ಕಳಿಗೆ ಈ ಪದವನ್ನು ವಿವರಿಸಬೇಕಾದಾಗ ನಾನು ಅವರನ್ನು ಅಲ್ಲಿಗೇ ಕರೆದೊಯ್ಯುತ್ತೇನೆ.

ಮೋಸ ಮಾಡುವವು ಸುಲಭದ ಪದಗಳು: ಪಾಪ, ನೀತಿ, ಆತ್ಮ, ರಾಜ್ಯ. ಇವುಗಳ ಮುಂದೆ ನಾವು ನಿಲ್ಲುವುದೇ ಇಲ್ಲ.

ಯಜಮಾನರ ಪ್ರಶ್ನೆಗೆ ಮರಳುತ್ತೇನೆ. ಕನ್ನಡದಲ್ಲಿ ‘ಪಾಪ’ ಎಂದರೆ ಪುಣ್ಯದ ಎದುರಾಳಿ, ಮಾಡಿ ಕೂಡಿಹಾಕಿಕೊಂಡ ಕೆಟ್ಟ ಕೆಲಸ. ಅದು ಈ ಜನ್ಮದ್ದಾಗಿರಬಹುದು, ಹಿಂದಿನದ್ದಾಗಿರಬಹುದು. ಜೊತೆಗೆ ನಮ್ಮ ಭಾಷೆಗೆ ಒಂದು ವಿಚಿತ್ರ ಕರುಣೆಯಿದೆ: ಅದೇ ಪದವನ್ನು ನಾವು ಕನಿಕರಕ್ಕೂ ಬಳಸುತ್ತೇವೆ. “ಅಯ್ಯೋ ಪಾಪ, ಒಳ್ಳೆಯ ಮನುಷ್ಯ” ಎಂದು ಸತ್ತವರ ಬಗ್ಗೆಯೇ ಹೇಳುತ್ತೇವೆ. ಯಜಮಾನರ ಕಿವಿಯಲ್ಲಿ ಮೊದಲ ಅರ್ಥ ಮೊಳಗಿತ್ತು. ಆದ್ದರಿಂದಲೇ ಅವರು ಅಪ್ಪನ ಲೆಕ್ಕದ ಪುಸ್ತಕಗಳನ್ನು ಸಾಕ್ಷಿಗೆ ಕರೆದರು. ಆದರೆ ಹೀಬ್ರೂವಿನ ‘ಹಾತಾ’ ಎಂಬ ಕ್ರಿಯಾಪದದ ಬುಡದಲ್ಲಿರುವುದು ಕೆಟ್ಟ ಕೆಲಸವಲ್ಲ, ಗುರಿ ತಪ್ಪುವುದು. (ಅದು ಕಿವಿಗೆ ನಮ್ಮ ‘ಖಾತೆ’ಯಂತೆ ಕೇಳಿಸುವುದು ಬರಿಯ ಕಾಕತಾಳೀಯ; ಅಪ್ಪ ಇದ್ದಿದ್ದರೆ ನಗುತ್ತಿದ್ದರು.) ನ್ಯಾಯಸ್ಥಾಪಕರು ಎಂಬ ಗ್ರಂಥದ 20ನೆಯ ಅಧ್ಯಾಯದಲ್ಲಿ ಬೆನ್ಯಾಮೀನ್ ಕುಲದ 700 ಮಂದಿ ಎಡಗೈ ಬಂಟರ ವಿಷಯ ಬರುತ್ತದೆ, ಕವಣೆಯಿಂದ ಒಂದು ಕೂದಲಿಗೂ ಗುರಿ ತಪ್ಪದೆ ಕಲ್ಲು ಹೊಡೆಯಬಲ್ಲವರಂತೆ ಅವರು. ಅಲ್ಲಿ ‘ತಪ್ಪದೆ’ ಎನ್ನುವುದಕ್ಕೆ ಬಳಸಿರುವುದು, ಬೇರೆಡೆ ‘ಪಾಪಮಾಡು’ ಎಂದು ಅನುವಾದವಾಗುವ ಅದೇ ಕ್ರಿಯಾಪದ. ಹೊಸ ಒಡಂಬಡಿಕೆಯ ಗ್ರೀಕಿನ ‘ಹಮಾರ್ತಿಯ’ ಕೂಡ ಬಾಣ ಗುರಿ ತಪ್ಪುವುದನ್ನು ಹೇಳುತ್ತಿದ್ದ ಮಾತಿನಿಂದಲೇ ಬಂದದ್ದು.

ಇದನ್ನು ಅರ್ಥಮಾಡಿಕೊಳ್ಳಲು ಕೊಡಗಿನವರಿಗಿಂತ ಹೆಚ್ಚು ಅರ್ಹರು ಯಾರಿದ್ದಾರೆ? ಕೈಲ್‌ಪೊಳ್ದ್ ಹಬ್ಬದಲ್ಲಿ ಬಂದೂಕನ್ನು ಪೂಜಿಸಿ, ಎತ್ತರದ ಮರಕ್ಕೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವಾಗ, ಗುರಿ ತಪ್ಪಿದವನನ್ನು ಯಾರೂ ದುಷ್ಟನೆನ್ನುವುದಿಲ್ಲ. ಅವನು ಶ್ರದ್ಧೆಯಿಂದ ನಿಂತಿರುತ್ತಾನೆ, ಉಸಿರು ಬಿಗಿಹಿಡಿದಿರುತ್ತಾನೆ, ಆದರೂ ಗುಂಡು ಒಂದು ಗೇಣು ಆಚೆ ಹೋಗುತ್ತದೆ. ಅಪೊಸ್ತಲ ಪೌಲನು ರೋಮಾಪುರದವರಿಗೆ ಬರೆದ ಪತ್ರದಲ್ಲಿ ಎಲ್ಲರೂ ಪಾಪಮಾಡಿದ್ದಾರೆ ಎಂದ ಉಸಿರಿನಲ್ಲೇ, ದೇವರ ಮಹಿಮೆಯನ್ನು ಮುಟ್ಟಲಾರದೆ ಕಡಿಮೆ ಬಿದ್ದಿದ್ದಾರೆ ಎಂದು ಸೇರಿಸುತ್ತಾನೆ. ಆ ಮಾತಿನಲ್ಲಿರುವುದು ಈ ಒಂದು ಗೇಣಿನ ಅಂತರ. ಹಾಗೆಂದು ಬೈಬಲಿನ ಪಾಪವೆಲ್ಲ ಬರಿಯ ಕೈತಪ್ಪು ಎನ್ನಲೂ ಬಾರದು. ಹೀಬ್ರೂವಿನಲ್ಲಿ ದಂಗೆಯೇಳುವುದಕ್ಕೆ ‘ಪೆಷಾ’, ಸೊಟ್ಟಗಾಗುವುದಕ್ಕೆ ‘ಆವೋನ್’ ಎಂಬ ಬೇರೆ ಪದಗಳಿವೆ. 51ನೆಯ ಕೀರ್ತನೆಯ ಮೊದಲ ಸಾಲುಗಳಲ್ಲಿ ಮೂರೂ ಪದಗಳು ಒಂದರ ಹಿಂದೊಂದು ಬರುತ್ತವೆ. ಪಾಪ, ದ್ರೋಹ, ಅಪರಾಧ ಎಂದು ಓದಿಕೊಂಡು ಹೋಗುವ ನಮಗೆ ಅವು ಸಮಾನಾರ್ಥಕಗಳ ಸಾಲಿನಂತೆ ಕಾಣುತ್ತವೆ.

ಇನ್ನೊಂದು ಎಳೆ ಅಪ್ಪನ ಕೆಲಸಕ್ಕೆ ಹತ್ತಿರದ್ದು. ಯೇಸುವಿನ ಮನೆಮಾತಾಗಿದ್ದ ಅರಮಾಯಿಕ್ ಭಾಷೆಯಲ್ಲಿ ‘ಹೋಬಾ’ ಎಂಬ ಒಂದೇ ಪದ ಸಾಲಕ್ಕೂ ಪಾಪಕ್ಕೂ ಸಲ್ಲುತ್ತಿತ್ತು. ಆದ್ದರಿಂದಲೇ ಯೇಸು ಕಲಿಸಿದ ಕರ್ತನ ಪ್ರಾರ್ಥನೆಯಲ್ಲಿ, ಸುವಾರ್ತೆ ಬರೆದವರ ಪೈಕಿ ಮತ್ತಾಯನು ‘ನಮ್ಮ ಸಾಲಗಳನ್ನು ಮನ್ನಿಸು’ ಎಂಬರ್ಥದ ಗ್ರೀಕ್ ಪದವನ್ನು ಬಳಸಿದರೆ ಲೂಕನು ‘ಪಾಪಗಳನ್ನು’ ಎನ್ನುತ್ತಾನೆ. ನಾವು ‘ನಮ್ಮ ತಪ್ಪುಗಳನ್ನು ಕ್ಷಮಿಸು’ ಎನ್ನುತ್ತೇವೆ. ಅದು ಸಭ್ಯವಾದ ಅನುವಾದ. ಆದರೆ ‘ಋಣ’ ಎಂಬ ಅಷ್ಟು ಭಾರದ ಪದ ಕನ್ನಡದಲ್ಲಿರುವಾಗ ಅದನ್ನು ಬಿಟ್ಟುಕೊಟ್ಟದ್ದು ನನ್ನ ಮಟ್ಟಿಗೆ ನಷ್ಟ. ಅನ್ನದ ಋಣ, ಮಣ್ಣಿನ ಋಣ, ಹೆತ್ತವರ ಋಣ ಎನ್ನುವ ಜನರಿಗೆ, ತೀರಿಸಲಾಗದ ಲೆಕ್ಕವೊಂದು ತಲೆಯ ಮೇಲಿರುವಾಗಲೂ ಮನುಷ್ಯ ಒಳ್ಳೆಯವನಾಗಿರಬಹುದೆಂದು ಬೇರೆ ಹೇಳಿಕೊಡಬೇಕಾಗಿಲ್ಲ.

‘ಪಶ್ಚಾತ್ತಾಪ’ದ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಆ ಪದದೊಳಗಿರುವುದು ಆಮೇಲೆ ಆಗುವ ಬೇಗೆ. ಪ್ರವಾದಿಗಳು ಬಳಸಿದ ಹೀಬ್ರೂವಿನ ‘ಶೂಬ್’ನಲ್ಲಿ ಬೇಗೆಯಿಲ್ಲ, ನಡೆಯುತ್ತಿದ್ದ ದಾರಿಯಲ್ಲಿ ನಿಂತು ಹಿಂದಿರುಗುವುದಷ್ಟೇ ಇದೆ. ಗ್ರೀಕಿನ ‘ಮೆತನೋಯ’ ಎಂದರೆ ಮನಸ್ಸು ಬದಲಾಗುವುದು. ಯೇಸುವನ್ನು ಹಿಡಿದುಕೊಟ್ಟ ಯೂದನಿಗೂ ಬೇಗೆಯಾಯಿತು, ಮೂವತ್ತು ಬೆಳ್ಳಿ ನಾಣ್ಯಗಳನ್ನು ಎಸೆದೂ ಬಂದ. ಆದರೆ ಅವನ ಬಗ್ಗೆ ಹೇಳುವಾಗ ಮತ್ತಾಯನು ‘ಮೆತನೋಯ’ವನ್ನು ಬಳಸದೆ, ಮರುಗಿದನು ಎಂಬ ಬೇರೆ ಪದವನ್ನು ಇಟ್ಟಿದ್ದಾನೆ. ಅಮ್ಮನ ಸತ್ಯವೇದದ ಅನುವಾದಕರು ‘ದೇವರ ಕಡೆಗೆ ತಿರುಗಿಕೊಳ್ಳಿರಿ’ ಎಂದು ಅಚ್ಚಗನ್ನಡದಲ್ಲಿ ಬರೆದಿರುವುದನ್ನು ಕಂಡಾಗ ಅವರ ಕೈ ಮುಟ್ಟಿ ನಮಸ್ಕರಿಸಬೇಕೆನಿಸಿತು. ಮಾಕುಟ್ಟದ ಘಾಟಿಯಲ್ಲಿ ಮಂಜಿಗೆ ದಾರಿ ತಪ್ಪಿ ಗಾಡಿ ತಿರುಗಿಸಿದವರಿಗೆ ಆ ಕ್ರಿಯಾಪದದ ಅರ್ಥ ತೋಳಿನಲ್ಲೇ ಗೊತ್ತು.

‘ಆತ್ಮ’ದ ಬಳಿ ಮಾತ್ರ ನಾನು ಬಹಳ ದಿನ ನಿಂತೆ. ಈ ನೆಲದಲ್ಲಿ ಆತ್ಮವೆಂದರೆ ಹುಟ್ಟದ, ಸಾಯದ, ಬಟ್ಟೆ ಬದಲಿಸಿದಂತೆ ದೇಹವನ್ನು ಬದಲಿಸುವ ಒಳಗಿನ ತತ್ತ್ವ. ಓದಿದವರೂ ಓದದವರೂ ಹಾಗೆಯೇ ಕೇಳಿಸಿಕೊಳ್ಳುತ್ತಾರೆ. ಹೀಬ್ರೂವಿನಲ್ಲಿ ಆ ಜಾಗದಲ್ಲಿರುವುದು ಎರಡು ಪದಗಳು, ಎರಡೂ ಮೈಗೆ ಅಂಟಿಕೊಂಡವು. ‘ನೆಫೆಷ್’ ಎಂಬುದಕ್ಕೆ ಗಂಟಲು, ಕುತ್ತಿಗೆ ಎಂಬ ಅರ್ಥವಿದೆ. ಅಲ್ಲಿಂದ ಹಸಿವು, ಬಾಯಾರಿಕೆ, ಜೀವ, ಇಡೀ ಮನುಷ್ಯ ಎಂದು ಅದು ಹರಡಿಕೊಂಡಿತು. ನೀರು ನನ್ನ ನೆಫೆಷ್‌ವರೆಗೆ ಬಂದಿದೆ ಎಂದು 69ನೆಯ ಕೀರ್ತನೆ ಆರಂಭವಾಗುತ್ತದೆ. 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಕುಸಿದು ಹೊಳೆಗಳು ಮನೆಯೊಳಗೆ ಹರಿದ ವಾರದಲ್ಲಿ ನಮ್ಮ ಸಭೆಯಲ್ಲಿ ಆ ಕೀರ್ತನೆಯನ್ನು ಓದಿದರು. ಕುತ್ತಿಗೆಮಟ್ಟದ ನೀರಿನಿಂದ ಎದ್ದು ಬಂದವರು ಬೆಂಚಿನ ಮೇಲೆ ಕುಳಿತು ಕೇಳುತ್ತಿದ್ದಾಗ, ‘ಪ್ರಾಣ’ವೋ ‘ಆತ್ಮ’ವೋ ಎಂಬ ಜಿಜ್ಞಾಸೆ ಯಾರಿಗೂ ಬೇಕಾಗಿರಲಿಲ್ಲ.

ಎರಡನೆಯ ಪದ ‘ರೂಅಹ್’. ಅದಕ್ಕೆ ಗಾಳಿ, ಉಸಿರು, ಆತ್ಮ ಎಂಬ ಮೂರೂ ಅರ್ಥಗಳು ಒಟ್ಟಿಗೇ ಇವೆ. ಗ್ರೀಕಿನ ‘ನ್ಯೂಮ’ಕ್ಕೂ ಹಾಗೆಯೇ. ಯೆಹೆಜ್ಕೇಲನ 37ನೆಯ ಅಧ್ಯಾಯದಲ್ಲಿ ಒಣ ಎಲುಬುಗಳ ಕಣಿವೆಗೆ ನಾಲ್ಕು ದಿಕ್ಕುಗಳಿಂದ ಬಂದದ್ದು ಗಾಳಿ, ಶವಗಳೊಳಗೆ ಹೊಕ್ಕದ್ದು ಉಸಿರು, ದೇವರು ಕೊಡುತ್ತೇನೆಂದದ್ದು ಆತ್ಮ. ಹೀಬ್ರೂವಿನಲ್ಲಿ ಮೂರೂ ಒಂದೇ ಪದ. ರಾತ್ರಿ ಹೊತ್ತಿನಲ್ಲಿ ತನ್ನ ಬಳಿಗೆ ಬಂದ ನಿಕೊದೇಮನೆಂಬ ಯೆಹೂದ್ಯ ಮುಖಂಡನಿಗೆ ಯೇಸು, ಗಾಳಿ ತನಗೆ ಇಷ್ಟ ಬಂದ ಕಡೆ ಬೀಸುತ್ತದೆ, ಸಪ್ಪಳ ಕೇಳುತ್ತೀ, ಎಲ್ಲಿಂದ ಬಂತೋ ತಿಳಿಯದು, ಆತ್ಮನಿಂದ ಹುಟ್ಟಿದವನೂ ಹಾಗೆಯೇ ಎಂದಾಗ, ಆ ವಾಕ್ಯದ ಗಾಳಿಯೂ ಆತ್ಮನೂ ಒಂದೇ ‘ನ್ಯೂಮ’. ಕನ್ನಡದಲ್ಲಿ ಓದುವವರಿಗೆ ಅದು ಒಂದು ಹೋಲಿಕೆಯಾಗಿ ಕಾಣುತ್ತದೆ, ಗ್ರೀಕಿನಲ್ಲಿ ಕೇಳಿದವರಿಗೆ ಒಂದೇ ಮಾತು ಎರಡು ಸಲ ತಿರುಗಿ ಮಿಂಚುತ್ತದೆ. ಕನ್ನಡಕ್ಕೆ ಇದು ಸಾಧ್ಯವೇ ಇಲ್ಲವೆಂದು ನಾನೂ ನಂಬಿದ್ದೆ. ಒಂದು ಸಂಜೆ ನಮ್ಮ ಲೈನ್ ಮನೆಯ ಅಜ್ಜಿಯೊಬ್ಬರು ಮೊಮ್ಮಗಳ ಬಗ್ಗೆ “ಅದಕ್ಕೆ ಗಾಳಿ ಹಿಡಿದಿದೆ ಟೀಚರಮ್ಮ” ಎಂದರು. ನಾನು ಆಸ್ಪತ್ರೆಗೆ ಕರೆದುಕೊಂಡು ಹೋಗಿ ಎಂದೆ. ಮನೆಗೆ ಬಂದ ಮೇಲೆ ಆ ಮಾತು ತಲೆಯಲ್ಲಿ ಉಳಿಯಿತು. ಗಾಳಿ ಹಿಡಿಯುವುದು, ಗಾಳಿ ಸೋಕುವುದು, ಗಾಳಿ ಬಿಡಿಸುವುದು: ನಮ್ಮ ಹಳ್ಳಿಯ ಕನ್ನಡದಲ್ಲಿ ಗಾಳಿಯೆಂದರೆ ಬೀಸುವ ಗಾಳಿಯೂ ಹೌದು, ಕಣ್ಣಿಗೆ ಕಾಣದೆ ಮೈಯೊಳಗೆ ಹೊಗುವ ಶಕ್ತಿಯೂ ಹೌದು. ನಿಕೊದೇಮನು ಕೇಳಿದ ಶ್ಲೇಷೆ ಆ ಅಜ್ಜಿಯ ಬಾಯಲ್ಲಿತ್ತು. ‘ಪವಿತ್ರ ಗಾಳಿ’ ಎಂದು ಅನುವಾದಿಸಿರೆಂದು ನಾನು ಹೇಳುತ್ತಿಲ್ಲ, ಹೇಳಿದರೆ ನಮ್ಮ ಗುರುಗಳು ನನ್ನನ್ನು ಹಿಂದಿನ ಬೆಂಚಿಗೆ ಕಳುಹಿಸಿಯಾರು. ಆದರೆ ಜೂನ್ ತಿಂಗಳಲ್ಲಿ ಸಿಲ್ವರ್ ಮರಗಳು ಬುಡದಿಂದ ತೂಗಾಡುವ ರಾತ್ರಿ ಯೋಹಾನನ 3ನೆಯ ಅಧ್ಯಾಯವನ್ನು ಓದುವಾಗ, ‘ಆತ್ಮ’ ಎಂದು ಅಚ್ಚಾದಲ್ಲೆಲ್ಲ ಮನಸ್ಸು ಆ ಅಜ್ಜಿಯ ಪದವನ್ನು ಇಟ್ಟು ನೋಡುತ್ತದೆ.

‘ದೇವರ ರಾಜ್ಯ’ವನ್ನು ನಮ್ಮ ಬಹುಪಾಲು ಜನ ಸತ್ತ ಮೇಲೆ ಹೋಗುವ ಊರೆಂದು ತಿಳಿದಿದ್ದಾರೆ. ಗ್ರೀಕಿನ ‘ಬಸಿಲೆಯ’ ಎಂಬುದು ಮೊದಲು ಅರಸುತನ, ಆಳ್ವಿಕೆ. ಗಡಿಯಿರುವ ನಾಡೆಂಬುದು ಆಮೇಲಿನ ಮಾತು. 1956ರ ನವೆಂಬರ್ 1ರವರೆಗೆ ಕೊಡಗು ತಾನೇ ಒಂದು ರಾಜ್ಯವಾಗಿತ್ತು, ಸಿ. ಎಂ. ಪೂಣಚ್ಚನವರು ಅದರ ಮುಖ್ಯಮಂತ್ರಿಯಾಗಿದ್ದರು. ರಾತ್ರಿ ಒಂದು ರಾಜ್ಯದಲ್ಲಿ ಮಲಗಿ ಬೆಳಗ್ಗೆ ಇನ್ನೊಂದರಲ್ಲಿ ಎದ್ದ ಅಪ್ಪನ ತಲೆಮಾರಿನವರಿಗೆ, ಮನೆ ಕದಲದೆ ಆಳ್ವಿಕೆ ಬದಲಾಗಬಹುದೆಂಬುದು ಗೊತ್ತಿತ್ತು. ‘ದೇವರ ರಾಜ್ಯವು ಸಮೀಪಿಸಿತು’ ಎಂಬಲ್ಲಿ ಸಮೀಪಕ್ಕೆ ಬರುತ್ತಿರುವುದು ರಾಜ್ಯ, ನಾವು ಅಲ್ಲಿಗೆ ಹೋಗುತ್ತಿಲ್ಲ.

‘ವಿಮೋಚನೆ’ ಎಂಬ ಪದವೂ ಈ ಮಣ್ಣಿನಲ್ಲಿ ಒಮ್ಮೆ ಗಟ್ಟಿಯಾದ ಅರ್ಥ ಪಡೆದಿತ್ತು. ಗ್ರೀಕಿನಲ್ಲಿ ಅದರ ಬೇರು ‘ಲೂತ್ರೋನ್’, ಅಂದರೆ ಸೆರೆಯಾಳನ್ನೋ ಗುಲಾಮನನ್ನೋ ಬಿಡಿಸಲು ತೆರುವ ಹಣ. ಹೀಬ್ರೂವಿನ ‘ಗೋಏಲ್’ ಎಂದರೆ ಕಷ್ಟಕ್ಕೆ ಬಿದ್ದ ನೆಂಟನ ಹೊಲವನ್ನೋ ಅವನನ್ನೇ ಆಗಲಿ ಬಿಡಿಸಿಕೊಳ್ಳಬೇಕಾದ ಹತ್ತಿರದ ಬಂಧು. ರೂತಳ ಕಥೆಯ ಬೋವಜನು ಅಂಥವನು. ಹತ್ತೊಂಬತ್ತನೆಯ ಶತಮಾನದ ಕೊಡಗಿನಲ್ಲಿ ಭೂಮಿಯೊಡನೆ ಕೈ ಬದಲಾಗುತ್ತಿದ್ದ ಜೀತದಾಳುಗಳಿದ್ದರು. ಮೋಗ್ಲಿಂಗ್ ದಕ್ಷಿಣ ಕೊಡಗಿನ ಆನಂದಪುರದಲ್ಲಿ ನೆಲೆಗೊಳಿಸಿದ ಕ್ರೈಸ್ತರು ಹೊಲೆಯ ಸಮುದಾಯದಿಂದ ಬಂದವರು. ಅಮ್ಮನ ಹಿರಿಯರು ಆ ಕಡೆಯವರು. ನೀವು ಕ್ರಯಕ್ಕೆ ಕೊಳ್ಳಲ್ಪಟ್ಟವರು ಎಂಬ ಪೌಲನ ಮಾತನ್ನು ಅವರು ಮೊದಲ ಸಲ ಕೇಳಿದಾಗ, ಅದು ನನಗೆ ಕೇಳಿಸುವಂತೆ ಅಲಂಕಾರವಾಗಿ ಕೇಳಿಸಿರಲಾರದು.

ಇಷ್ಟನ್ನೂ ಒಂದೇ ದಿನ ಯಜಮಾನರಿಗೆ ಹೇಳಿದೆನೆಂದಲ್ಲ. ಅವರು ತಿಂಗಳಿಗೊಮ್ಮೆ ಬರುತ್ತಿದ್ದರು. ನಾನೊಂದು ಪದ ಬಿಡಿಸಿದರೆ ಅವರೊಂದು ಪದ ಕೊಡುತ್ತಿದ್ದರು. ಕೊಡವರು ‘ಗುರುಕಾರಣ’ ಎನ್ನುವಾಗ ‘ಕಾರಣ’ವೆಂದರೆ ಹೇತು ಎಂದೇ ನಾನು ಅಷ್ಟು ವರ್ಷ ತಿಳಿದಿದ್ದೆ, ಅದು ಒಕ್ಕವನ್ನು (ಮನೆತನವನ್ನು) ಕಾಯುವ ಹಿರಿಯ, ಕೈಮಡವೆಂಬ ಹಿರಿಯರ ಗುಡಿಯಲ್ಲಿ ದೀಪ ಪಡೆಯುವ ಮೂಲಪುರುಷ ಎಂದು ಅವರು ಹೇಳಿದಾಗ, ಸುಲಭ ಪದದ ಮೋಸ ಎರಡೂ ಕಡೆಗಿದೆಯೆಂದು ತಿಳಿಯಿತು.

ಕೊನೆಗೆ ಉಳಿದದ್ದು ‘ನೀತಿ’. ಶಾಲೆಯಲ್ಲಿ ನೀತಿಕಥೆ ಹೇಳಿಕೊಟ್ಟ ನನಗೆ ನೀತಿವಂತನೆಂದರೆ ಸದಾಚಾರಿ. ಬೈಬಲಿನಲ್ಲಿ ಅದು ನ್ಯಾಯಸ್ಥಾನದ ಪದ ಕೂಡ: ಸಂಬಂಧದಲ್ಲಿ ಸರಿಯಾಗಿ ನಿಂತವನು, ತೀರ್ಪಿನಲ್ಲಿ ಸರಿಯೆಂದು ಹೇಳಿಸಿಕೊಂಡವನು. ಅಬ್ರಹಾಮನು ದೇವರನ್ನು ನಂಬಿದನು, ಅದು ಅವನ ಲೆಕ್ಕಕ್ಕೆ ನೀತಿಯೆಂದು ಎಣಿಸಲ್ಪಟ್ಟಿತು ಎಂದು ರೋಮಾಪುರದವರಿಗೆ ಬರೆದ ಪತ್ರದ 4ನೆಯ ಅಧ್ಯಾಯ ಹೇಳುತ್ತದೆ. ಅಲ್ಲಿ ‘ಎಣಿಸು’ ಎಂಬುದಕ್ಕೆ ಪೌಲನು ಬಳಸಿದ ಕ್ರಿಯಾಪದ ಗ್ರೀಕ್ ವ್ಯಾಪಾರಿಗಳ ಲೆಕ್ಕದ ಪುಸ್ತಕದಲ್ಲಿಯೂ ಇದ್ದದ್ದು. ಇವನದಲ್ಲದ ಮೊತ್ತವನ್ನು ಇವನ ಹೆಸರಿಗೆ ಬರೆದುಕೊಳ್ಳುವುದು.

ಮೊನ್ನೆ ಯಜಮಾನರು ಬಂದಾಗ ಈ ವಾಕ್ಯವನ್ನು ತೋರಿಸಲು ಅಮ್ಮನ ಸತ್ಯವೇದವನ್ನು ತೆರೆದೆ. ಆ ಪುಟವನ್ನು ನಾನೂ ಆ ಪ್ರತಿಯಲ್ಲಿ ತೆರೆದಿರಲಿಲ್ಲ. ವಾಕ್ಯದ ಪಕ್ಕದ ಅಂಚಿನಲ್ಲಿ ಪೆನ್ಸಿಲಿನ ದುಂಡಗಿನ ಅಕ್ಷರದಲ್ಲಿ ಒಂದೇ ಪದವಿತ್ತು: ‘ಜಮಾ’. ಯಜಮಾನರು ಕನ್ನಡಕ ಸರಿಮಾಡಿಕೊಂಡು, ಪುಸ್ತಕವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು.

“ರೈಟರ ಕೈ ಇದು” ಎಂದರು.